ಭಾರ್ಗವನ್ ಮಾಷ್ ಕೇಳುವ ಪ್ರಶ್ನೆ
ತ್ರಿಶೂರಿನ ನಮ್ಮ ನರರೋಗದ ಆಸ್ಪತ್ರೆಯಲ್ಲಿ ಚೀಟಿ ಕೊಡುವವಳು ನಾನಾದರೂ, ಹೊಸ ರೋಗಿಗಳನ್ನು ವಿಚಾರಿಸಿಕೊಳ್ಳುವವರು ಭಾರ್ಗವನ್ ಮಾಷ್. ಡ್ರಾಯಿಂಗ್ ಮೇಷ್ಟರಾಗಿದ್ದ ಅವರಿಗೆ ಒಂಬತ್ತು ವರ್ಷದಿಂದ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ. ಇಸ್ತ್ರಿ ಮಾಡಿದ ಮುಂಡು ಉಟ್ಟು, ಹೆಂಡತಿ ದಾಕ್ಷಾಯಣಿ ಟೀಚರ ತೋಳು ಹಿಡಿದು, ಡಾಕ್ಟರಿಗಿಂತ ಮೊದಲೇ ಬಂದು ಕೂರುತ್ತಾರೆ. ರೋಗಿಯ ಜೊತೆ ಬಂದವರು ಯಾರಾದರೂ "ಪೂರ್ತಿ ಗುಣ ಆಗುತ್ತಾ?" ಎಂದರೆ ಸಾಕು, ಅವರ ಪಕ್ಕಕ್ಕೆ ಸರಿದು ಶುರುಮಾಡುತ್ತಾರೆ. "ಹಾಗೆ ಕೇಳಬೇಡ ಮಗಳೇ. ನಿಮ್ಮಪ್ಪ ತಾನೇ ಅಂಗಿ ಗುಂಡಿ ಹಾಕ್ಕೋಬಹುದಾ ಅಂತ ಕೇಳು. ಡಾಕ್ಟರಿಗೂ ಉತ್ತರ ಕೊಡೋಕೆ ಸುಲಭ." ರೋಗವನ್ನು ಬೇರುಸಮೇತ ಕೀಳುವ ಕಷಾಯ ಇದೆಯಂತೆ ಎಂದವರಿಗೆ, "ನಾನು ಮೂರು ಕೊಡ ಕುಡಿದಿದ್ದೀನಿ ಮಾರಾಯ, ಹೊಟ್ಟೆ ಮಾತ್ರ ಸ್ವಚ್ಛ ಆಯ್ತು" ಎನ್ನುತ್ತಾರೆ. ತಮ್ಮ ಸರದಿ ಬಂದಾಗ ಮಾತ್ರ ಟೀಚರನ್ನು ಚಹಾ ತರಲು ಕಳುಹಿಸಿ, ನನ್ನ ತೋಳು ಹಿಡಿದು ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಹೊಸ ಔಷಧಿ ಏನಾದ್ರೂ ಬಂತಾ ಡಾಕ್ಟ್ರೇ? ಪೂರ್ತಿ ವಾಸಿ ಮಾಡೋವಂಥದ್ದು?" ಡಾಕ್ಟರು ಇಲ್ಲವೆಂದು ತಲೆಯಾಡಿಸುತ್ತಾರೆ. "ಗೊತ್ತು, ಗೊತ್ತು. ಸುಮ್ಮನೆ ಕೇಳಿದೆ. ಟೀಚರಿಗೆ ಹೇಳಬೇಡಿ." ಟೀಚರೂ ತಿಂಗಳಿಗೊಮ್ಮೆ ನನಗೆ ಫೋನ್ ಮಾಡಿ ಇದನ್ನೇ ಕೇಳಿ, ಮಾಷಿಗೆ ಹೇಳಬೇಡ ಎನ್ನುತ್ತಾರೆ. ನಾನು ಇಬ್ಬರಿಗೂ ಹೇಳಿಲ್ಲ.