ಹುಸೇನಪೀರನ ಬಂದೂಕು ಜಗದೇವರ ಹೆಗಲಿಗೆ

ನಿಂಬರ್ಗಾದಲ್ಲಿ ಬೆಳಕು ಹರಿಯುವ ಹೊತ್ತು. ಬಂದೂಕಿನಲ್ಲಿ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು ಜಗದೇವ ನಳಿಗೆಯನ್ನು ಗೋಡೆಗೆ ತಿರುಗಿಸುತ್ತಾರೆ. ನಳಿಗೆಯ ಕೆಳಗಿನ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುತ್ತಾರೆ. ಖಟ್, ಖಟ್. ಹೀಗೆ ಮೂವತ್ತು ಸಲ. "ಚಾ ಆರಾಕತ್ತೈತಿ, ಬರ್ರಿ," ಎಂದು ಒಳಗಿನಿಂದ ಹೆಂಡತಿ ಅಂಬುಬಾಯಿ ಕೂಗುತ್ತಾರೆ.

ಐವತ್ನಾಲ್ಕರ ಜಗದೇವ ಎಟಿಎಂಗಳಿಗೆ ಹಣ ಒಯ್ಯುವ ವ್ಯಾನಿನ ಗನ್‌ಮ್ಯಾನ್. ದಿನಕ್ಕೆ ಹನ್ನೊಂದು ಎಟಿಎಂ. ಆಳಂದ, ಅಫಜಲಪುರ, ಜೇವರ್ಗಿ ಸುತ್ತಿ ಬರಲು ಇನ್ನೂರು ಕಿಲೋಮೀಟರಿಗೂ ಮೇಲೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಗುಂಡೂ ಹಾರಿಸಿಲ್ಲ. ಹಣ ಬರಲಿಲ್ಲವೆಂದು ಗೊಣಗುತ್ತ ನಿಂತ ನಾವು ಇವರ ಬಂದೂಕು ನೋಡಿ ಪಕ್ಕಕ್ಕೆ ಸರಿಯುತ್ತೇವೆ, ಮುಖ ನೋಡುವುದಿಲ್ಲ. ಆ ಬಂದೂಕಾದರೂ ಕಂಪನಿಯದಲ್ಲ. ಸ್ವಂತ ಲೈಸೆನ್ಸು, ಸ್ವಂತ ಬಂದೂಕು ಇದ್ದವರಿಗಷ್ಟೇ ಈ ನೌಕರಿ.

ಕಳೆದ ವರ್ಷ ಕಂಪನಿ ಹೊಸ ಕಟ್ಟಳೆ ತಂದಿತು: ಜೋಡು ನಳಿಗೆಯ ಹಳೆ ಬಂದೂಕು ನಡೆಯದು, ಹಿಡಿ ಎಳೆದು ತೋಟಾ ಏರಿಸುವ ಪಂಪ್ ಆಕ್ಷನ್ ತನ್ನಿ, ಇಲ್ಲವೇ ಮನೆಗೆ ನಡೆಯಿರಿ. ಹಿಂದೊಮ್ಮೆ ವ್ಯಾನಿನ ಬಾಗಿಲಿಗೆ ಸಿಕ್ಕಿದ ಜಗದೇವರ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಪಂಪ್ ಬಂದೂಕಿಗೆ ಎಡಗೈಯೇ ಜೀವಾಳ. ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯದಿದ್ದರೆ ತೋಟಾ ನಡುವೆಯೇ ಸಿಕ್ಕಿಬೀಳುತ್ತದೆ.

ಕಲಬುರಗಿಯ ಬಂದೂಕಿನ ಅಂಗಡಿಯಲ್ಲಿ ಬಳಸಿದ ಪಂಪ್ ಬಂದೂಕು ಮೂರಿದ್ದವು. ಒಂದರ ನಳಿಗೆ ಉದ್ದ, ವ್ಯಾನಿನೊಳಗೆ ತಿರುಗಿಸಲಾಗದು. ಇನ್ನೊಂದು ಗಿಡ್ಡ, ಹಗುರ, ನಳಿಗೆಯೊಳಗೆ ತುಕ್ಕಿನ ಚುಕ್ಕೆಯೂ ಇಲ್ಲ, ಆದರೆ ಹಿಡಿ ಬಿಗಿ. ಮಾಲೀಕ ವಾಮನರಾವ್ ಕೊಟ್ಟ ನಕಲಿ ತೋಟಾ ಮೂರು ಸಲವೂ ಸಿಕ್ಕಿಬಿತ್ತು. "ಪೂರಾ ಜಗ್ರಿ, ಅರ್ಧಕ್ಕ ಬಿಡಬ್ಯಾಡ್ರಿ," ಎಂದರು ವಾಮನರಾವ್. ಬೆರಳಿನ ವಿಷಯ ಜಗದೇವ ಬಾಯಿಬಿಡಲಿಲ್ಲ.

ಮೂರನೆಯದನ್ನು ಅವರು ಬೇಕೆಂದೇ ಮುಟ್ಟಿರಲಿಲ್ಲ. ನೋಡಿದೊಡನೆ ಗುರುತು ಹತ್ತಿತ್ತು. ಅದು ಅಫಜಲಪುರದ ಹುಸೇನಪೀರನದು. ಹನ್ನೊಂದು ವರ್ಷ ಅದೇ ವ್ಯಾನಿನಲ್ಲಿ ಎದುರು ಕೂತು, ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದ ಗೆಳೆಯ. ಎದೆನೋವೆಂದು ಮಲಗಿದವನು ಏಳಲೇ ಇಲ್ಲ. ಲೈಸೆನ್ಸುದಾರ ಸತ್ತರೆ ಬಂದೂಕು ಮನೆಯಲ್ಲಿ ಇಡುವಂತಿಲ್ಲವೆಂದು ಹೆಂಡತಿ ಶಮಶಾದ ಅಂಗಡಿಗೆ ತಂದೊಪ್ಪಿಸಿದ್ದರು. ಬೇರೆ ದಾರಿಯಿಲ್ಲದೆ ಜಗದೇವ ಕೊನೆಗೆ ಅದನ್ನೇ ಎತ್ತಿಕೊಂಡರು. ಭಾರವಾದರೂ ಅದರ ಹಿಡಿ ಸಲೀಸಾಗಿ ಸರಿಯಿತು. ಐದು ನಕಲಿ ತೋಟಾ ಹಾಕಿದರು, ಐದೂ ಸಿಕ್ಕದೆ ಹೊರಬಿದ್ದವು. ನೌಕರಿ ಉಳಿಯಿತೆಂದು ಹಿಗ್ಗಬೇಕಾದ ಮನುಷ್ಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತರು.

ಆದರೂ ಕೇಳದೆ ಒಯ್ಯಲು ಮನಸ್ಸು ಒಪ್ಪಲಿಲ್ಲ. ಅಫಜಲಪುರಕ್ಕೆ ಹೋದರು. ಶಮಶಾದ ಅಂದದ್ದಿಷ್ಟು: "ಒಯ್ರಿ ಭಾಯಿ. ದಿನಾ ಮೂವತ್ತ ಸಲ ಜಗ್ಗತಿದ್ರು, ಬಿಟ್ರ ಬಿಗಿ ಆಗತೈತಿ ಅಂತ. ನೀವೂ ಬಿಡಬ್ಯಾಡ್ರಿ."

ಈಗ ವ್ಯಾನಿನಲ್ಲಿ ಎದುರಿನ ಸೀಟಿಗೆ ಹೊಸಬರು ಬಂದಿದ್ದಾರೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಅಂತೂ ನೌಕರಿ ಉಳಿಯಿತಲ್ಲ ಎಂದರೆ ಜಗದೇವ ಬಂದೂಕಿನ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತ ಹೇಳುತ್ತಾರೆ:

"ಅವ ಬದುಕಿದ್ರ ಈ ಬಂದೂಕ ಅಂಗಡಿಗಿ ಬರ್ತಿದ್ದಿಲ್ರಿ. ನನ್ನ ನೌಕರಿ ಹೋಗ್ತಿತ್ತು. ಹೋಗಬೇಕಿತ್ರಿ. ಕೂಲಿ ಮಾಡಿ ತಿಂತಿದ್ದೆ. ಅವ ಇರಬೇಕಿತ್ತು."