ಬಚ್ಚಲ ಒಲೆಗೆ ಹಾಕಿದ ತಾಯಿತ

ನನ್ನ ಯಜಮಾನರಿಗೆ ಲಕ್ವಾ ಹೊಡೆದದ್ದು ಮಗ್ಗದ ಮೇಲೆಯೇ. ಗಜೇಂದ್ರಗಡದಲ್ಲಿ ನಮ್ಮದು ಎರಡು ಖೋಲಿಯ ಮನೆ, ಮುಂದಿನ ಖೋಲಿಯಲ್ಲಿ ಮಗ್ಗ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬೆಳಿಗ್ಗೆ ಚಹಾ ಒಯ್ದಾಗ ಅವರು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಲಕ್ಕೆ ವಾಲಿದ್ದರು. ಗದಗಿನ ದವಾಖಾನೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಮಾತು ತೊದಲು.

"ಎರಡು ತಾಸಿಗೊಮ್ಮೆ ಮಗ್ಗಲ ಬದಲಸ್ರಿ. ಇಲ್ಲಾಂದ್ರ ಬೆನ್ನಿಗೆ ಹುಣ್ಣ ಆಗ್ತಾವ" ಎಂದು ಅಲ್ಲಿನ ನರ್ಸಮ್ಮ ಹೇಳಿದ್ದಳು.

ಹೇಳುವುದು ಸುಲಭ. ಅವರು ದೊಡ್ಡ ಆಳು, ನಾನು ಸಣಕಲಿ. ಇದ್ದೊಬ್ಬ ಮಗಳನ್ನು ನರಗುಂದಕ್ಕೆ ಕೊಟ್ಟಿದ್ದೆವು. ಅವಳಿಗೆ ಆಗಷ್ಟೇ ಹೆರಿಗೆಯಾಗಿತ್ತು. ಮೊದಲ ದಿನ ಅವರನ್ನು ಹೊರಳಿಸಲು ಹೋಗಿ ನಾನೇ ಅವರ ಮೇಲೆ ಬಿದ್ದೆ. ಆ ಸದ್ದಿಗೆ ಹಿತ್ತಲ ಬಾಗಿಲಿಂದ ಓಡಿಬಂದವಳು ಪಕ್ಕದ ಮನೆಯ ಚಾಚಿ. ಅವಳ ಗಂಡ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಅವಳಿಗೆ ಅರವತ್ತರ ಹತ್ತಿರ ವಯಸ್ಸು, ಆದರೂ ತೋಳು ಗಟ್ಟಿ.

"ಸರಿ ಆಕಡೆ. ನೀ ಕಾಲ ಹಿಡಿ, ನಾ ಹೆಗಲ ಹಿಡಿತೀನಿ. ಯವ್ವಾ, ಇಷ್ಟ ದಿನ ಏನ್ ತಿನ್ನಿಸೀದಿ ಇವಂಗ? ಕ್ವಾಣ ಆಗ್ಯಾನ!"

ಯಜಮಾನರು ಅರ್ಧ ಬಾಯಲ್ಲಿ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಅಂದಿನಿಂದ ಚಾಚಿ ದಿನಕ್ಕೆ ನಾಲ್ಕೈದು ಸಲ ಬರುತ್ತಿದ್ದಳು. ಹಿತ್ತಲಿಂದ ಬಂದವಳೇ ಬಚ್ಚಲ ಹಂಡೆಯಿಂದ ಬಿಸಿನೀರು ತೋಡಿಕೊಂಡು ಒಳಗೆ ಬರುವಳು. ಅವರ ಮೈ ಒರೆಸಿ, ಹೊಲಸು ತೆಗೆದು, ಹೊರಳಿಸಿ ಮಲಗಿಸುತ್ತಿದ್ದೆವು.

ನಾವು ಕ್ರೈಸ್ತರು. ದೇವರು ಮಾಡಿದ ದಿನದ ಉಪಕಾರಗಳನ್ನು ಸಂಜೆ ಬೆರಳು ಮಡಚಿ ಎಣಿಸುವುದು ನನಗೆ ತವರಿಂದ ಬಂದ ರೂಢಿ. ಗಂಜಿ ಗಂಟಲಲ್ಲಿ ಇಳಿಯಿತು, ಕರ್ತನಿಗೆ ಸ್ತೋತ್ರ. ಎಡಗೈಯಿಂದ ಲೋಟ ಹಿಡಿದರು, ಸ್ತೋತ್ರ. ಬೆನ್ನು ಕೆಂಪಾಗಿಲ್ಲ, ಸ್ತೋತ್ರ. ಎಣಿಸುತ್ತ ಹೋದಂತೆ ಎದೆ ಹಗುರಾಗುತ್ತಿತ್ತು. ಕರ್ತನು ಇದೇ ಖೋಲಿಯಲ್ಲಿದ್ದಾನೆ, ನಮ್ಮ ಕೈ ಬಿಟ್ಟಿಲ್ಲ ಎಂದು ಖಾತ್ರಿಯಾಗುತ್ತಿತ್ತು. ಆ ಖಾತ್ರಿ ಇರದಿದ್ದರೆ ಆ ದಿನಗಳನ್ನು ನಾನು ದಾಟುತ್ತಿರಲಿಲ್ಲ. ಆದರೆ ಎಷ್ಟೊಂದು ಎಣಿಸಿದ ನಾನು ಚಾಚಿಯ ಹೆಸರಿಗೆ ಒಂದು ಬೆರಳನ್ನೂ ಮಡಚಲಿಲ್ಲ. ಅದು ಆಗ ಹೊಳೆಯಲೇ ಇಲ್ಲ.

ಒಂದು ಗುರುವಾರ ಅವಳು ದರ್ಗಾಕ್ಕೆ ಹೋಗಿ ಕರಿ ದಾರದ ತಾಯಿತವೊಂದನ್ನು ತಂದಳು.

"ಕಟ್ಟಲೇನವಾ? ನಿಮ್ಮ ದೇವ್ರು ಸಿಟ್ಟಾಗೂದಿಲ್ಲಲ್ಲ?"

ಬೇಡ ಎನ್ನಬಹುದಿತ್ತು. ಅವಳು ಬೇಸರ ಪಡುವವಳಲ್ಲ, ಅದಕ್ಕೇ ಕೇಳಿದ್ದಳು. ಆದರೆ ನನ್ನೊಳಗಿನ ಹೆದರಿಕೆ, ಇದರಿಂದ ಗುಣವಾಗುವುದಾದರೆ ಆಗಲಿ ಎಂದಿತು. "ಕಟ್ಟು ಚಾಚಿ" ಎಂದೆ. ಸತ್ತಂತಿದ್ದ ಅವರ ಬಲಗೈಯನ್ನು ನಾನೇ ಎತ್ತಿ ಹಿಡಿದೆ.

ಗಜೇಂದ್ರಗಡದಲ್ಲಿ ನಮ್ಮವರು ನಾಲ್ಕಾರು ಮನೆ ಮಾತ್ರ. ನಮ್ಮ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ರೋಣದಿಂದ ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ, ಹಾಸಿಗೆ ಹಿಡಿದವರಿದ್ದರೆ ಅವರ ಮನೆಗೇ ಹೋಗಿ ಕರ್ತನ ಭೋಜನವೆನ್ನುವ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ರೊಟ್ಟಿಗೆ ಕೈ ಒಡ್ಡುವ ಮೊದಲು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. ತಾಯಿತ ಕಟ್ಟಿಕೊಳ್ಳುವುದು ನಮ್ಮಲ್ಲಿ ಪಾಪ. ಆ ತಿಂಗಳು ಅವರು ಸಂಜೆ ಬರುತ್ತಾರೆಂದು ತಿಳಿದಿದ್ದೆ. ಬೆಳಿಗ್ಗೆ ಹತ್ತಕ್ಕೇ ಓಣಿಯಲ್ಲಿ ಅವರ ಧ್ವನಿ ಕೇಳಿತು. ಯಾರನ್ನೋ ಮಾತಾಡಿಸುತ್ತ ನಮ್ಮ ಮನೆಯತ್ತ ಬರುತ್ತಿದ್ದರು.

ಮಗ್ಗದ ಕತ್ತರಿ ತೆಗೆದುಕೊಂಡು ತಾಯಿತದ ದಾರ ಕತ್ತರಿಸಿದೆ. ಯಜಮಾನರು "ಯಾ... ಯಾಕ?" ಎಂದರು. "ಸುಮ್ನಿರ್ರಿ" ಎಂದು ಗದರಿಸಿ, ಓಡಿಹೋಗಿ ಅದನ್ನು ಬಚ್ಚಲ ಒಲೆಗೆ ಎಸೆದೆ. ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದೆ.

ಅಯ್ಯನವರು ಕುರ್ಚಿಯಲ್ಲಿ ಕೂತು ಚೀಲದಿಂದ ರೊಟ್ಟಿಯ ಡಬ್ಬಿ ತೆಗೆಯುತ್ತಿದ್ದಾಗ ಚಾಚಿ ಬಿಸಿನೀರಿನ ಬಕೀಟು ಹಿಡಿದು ಒಳಗೆ ಬಂದಳು. ಒಲೆಯ ಮುಂದೆ ಬಗ್ಗಿಯೇ ನೀರು ತೋಡಬೇಕು. ಅವಳ ಮುಖ ನೋಡಿದೊಡನೆ ಅವಳು ಕೆಂಡದಲ್ಲಿ ಏನು ಕಂಡಳೆಂದು ತಿಳಿಯಿತು.

"ಇವರು ಯಾರಮ್ಮಾ?" ಅಯ್ಯನವರು ಸಹಜವಾಗಿ ಕೇಳಿದರು.

"ಯಾರೋ ಓಣಿಯವ್ರರೀ. ನೀರು ತುಂಬಾಕ ಬರ್ತಾರ" ಎಂದೆ.

ನನ್ನ ಬಾಯಿಂದ ಅದು ಹೇಗೆ ಬಂತೋ. ತಾಯಿತದ ಸುದ್ದಿ ಎಲ್ಲಿ ಹೊರಬೀಳುವುದೋ, ಇವಳು ಬೇಗ ಹೋದರೆ ಸಾಕು ಎಂಬುದೊಂದೇ ತಲೆಯಲ್ಲಿತ್ತು.

ಚಾಚಿ ಬಕೀಟನ್ನು ಮೆಲ್ಲಗೆ ಕೆಳಗಿಟ್ಟಳು. "ಹೌದ್ರಿ ಸಾಹೇಬ್ರ, ನೀರು ತುಂಬಾಕ ಬಂದಿದ್ನಿ. ತುಂಬೇನಿ" ಎಂದು ಬಂದ ದಾರಿಯಲ್ಲೇ ಹೋದಳು.

ನಾನು ರೊಟ್ಟಿ ತೆಗೆದುಕೊಂಡೆ. ಯಜಮಾನರು ಬಾಯಿ ತೆರೆಯಲಿಲ್ಲ. ಲಕ್ವಾ ಹೊಡೆದ ಬಾಯಿ ಎಂದುಕೊಂಡು ಅಯ್ಯನವರು ತುಟಿಗೆ ರಸ ತಾಗಿಸಿ ಪ್ರಾರ್ಥಿಸಿದರು. ಬೆಳಿಗ್ಗೆ ಅದೇ ಬಾಯಿ ಗಂಜಿ ಉಂಡಿತ್ತು.

ಚಾಚಿ ಐದು ದಿನ ಬರಲಿಲ್ಲ. ನಾನೊಬ್ಬಳೇ ಎಳೆದೆ, ಜಗ್ಗಿದೆ. ಮೂರನೇ ದಿನ ಬೆನ್ನ ಕೆಳಗೆ ಕೆಂಪಾಯಿತು, ನಾಲ್ಕನೇ ದಿನ ತೊಗಲು ಕಿತ್ತಿತು. ಮೊಣಕಾಲೂರಿ ತಾಯಿತದ ಪಾಪಕ್ಕೆ ಕ್ಷಮೆ ಕೇಳಿದೆ. ಅದೇ ಮಾತನ್ನು ಎಷ್ಟು ಸಲ ಹೇಳಿದರೂ ಎದೆ ಹಗುರಾಗಲಿಲ್ಲ. ಕೇಳಬೇಕಾದ ಕ್ಷಮೆ ಇನ್ನೊಂದಿದೆ ಎಂಬುದು ನನಗೆ ಗೊತ್ತಿತ್ತು. ಕರ್ತನ ಮುಂದೆ ಅಳುವುದು ಸುಲಭ, ಮುಖಕ್ಕೆ ಮುಖ ಕೊಡಬೇಕಿಲ್ಲ. ಐದನೇ ದಿನದ ಪ್ರಾರ್ಥನೆಯಲ್ಲೂ ನನಗೆ ಸಮಾಧಾನ ಸಿಗಲಿಲ್ಲ. ಎದ್ದು ಹೋಗುವ ಧೈರ್ಯ ಸಿಕ್ಕಿತು. ಅದನ್ನು ಕೊಟ್ಟವನು ಅವನೇ ಎಂದು ಇಂದಿಗೂ ನಂಬಿದ್ದೇನೆ.

ಚಾಚಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ತಪ್ಪಾತು ಚಾಚಿ. ತಾಯಿತ ಸುಡಬಾರದಿತ್ತು."

"ತಾಯಿತದ ಮಾತ ಬಿಡ. ಬ್ಯಾಡಾಗಿದ್ರ ಬಿಚ್ಚಿ ನನ್ನ ಕೈಯಾಗ ಕೊಡಬೇಕಿತ್ತು, ಒಯ್ದು ಬಾವ್ಯಾಗ ಬಿಡ್ತಿದ್ನಿ." ಮೊರದಲ್ಲಿ ಎರಡು ಸಲ ಕೇರಿದಳು. "ಎರಡ ತಿಂಗಳ ನಿನ್ನ ಗಂಡನ ಹೇಲು ಬಳದೀನಿ. ಯಾರೋ ಅಂದೆಲ್ಲ."

ನಿಂತಲ್ಲೇ ಅತ್ತೆ.

"ಹುಣ್ಣ ಆಗೇತೇನ?"

"ಆಗೇತಿ."

"ನಡಿ ಮತ್ತ. ಅಳೂದಿದ್ರ ಆಮ್ಯಾಲೆ ಅಳು, ಮೊದ್ಲ ಅವನ್ನ ಹೊಳ್ಳಿಸೂಣು."

ಅವಳು ಬಂದಳು, ಮತ್ತೆ ದಿನವೂ ಬಂದಳು. ಯಜಮಾನರ ಜೊತೆ ಮೊದಲಿನಂತೆಯೇ ಚೇಷ್ಟೆ. ನನ್ನ ಜೊತೆ ಬಹಳ ದಿನ "ಹಿಡಿ", "ಎತ್ತು", ಇಷ್ಟೇ ಮಾತು. ಮುಂದಿನ ತಿಂಗಳು ಅಯ್ಯನವರಿಗೆ ಅವಳೆದುರೇ ಎಲ್ಲ ಹೇಳಿದೆ. ಅವರು ಎದ್ದು ಅವಳಿಗೆ ಕೈಮುಗಿದರು. ಚಾಚಿ ಗಾಬರಿಯಾಗಿ, "ಕುಂದರ್ರಿ, ಕುಂದರ್ರಿ, ನಿಮ್ಮ ದುವಾ ನೀವು ಮಾಡ್ರಿ" ಎಂದಳು. ಅಂದು ಯಜಮಾನರು ರೊಟ್ಟಿಗೆ ಬಾಯಿ ತೆರೆದರು.

ಕರ್ತನು ನನ್ನನ್ನು ಕ್ಷಮಿಸಿದ್ದಾನೆ. ಅದರಲ್ಲಿ ನನಗೆ ಅನುಮಾನವಿಲ್ಲ, ಅದನ್ನೇ ನಂಬಿ ಇಷ್ಟು ವರ್ಷ ಬದುಕಿದ್ದೇನೆ. ಆದರೆ ಆ ಹುಣ್ಣು ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಔಷಧದ ನೀರಿನಿಂದ ದಿನಕ್ಕೆರಡು ಸಲ ಅದನ್ನು ತೊಳೆಯುವಾಗ ಅವರು ಹಲ್ಲು ಕಚ್ಚುತ್ತಿದ್ದರು. ಚಾಚಿ ಎದುರಿಗೆ ಅವರ ಹೆಗಲು ಹಿಡಿದು ಕೂತಿರುತ್ತಿದ್ದಳು. ನಾನು ತಲೆ ತಗ್ಗಿಸಿಯೇ ತೊಳೆಯುತ್ತಿದ್ದೆ.