ಕಾಗೆಗೆ ಕೊಟ್ಟ ಮಾತು

ಕೈಗೆಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯನ್ನು ಎಲ್ಲರೂ ಬಲ್ಲರು. ಬಾಯಿಗೇ ಬಂದದ್ದನ್ನು ಉಗುಳುತ್ತ ಸಂಸಾರ ಸಾಗಿಸಿದ ಮಲಕಪ್ಪನನ್ನು ಬಲ್ಲವರು ಕಡಿಮೆ. ವಿಜಯಪುರದ ಕಡೆಯಿಂದ ಪುಣೆಗೆ ಬಂದ ಈ ಲಿಂಗವಂತ, ಇಂದಾಪುರದ ದಾರಿಯಲ್ಲಿರುವ ಭುಜಂಗರಾವ್ ಸಾಹೇಬರ ವೈನ್ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸಕ್ಕಿದ್ದ. ಪೀಪಾಯಿಯಿಂದ ಗುಟುಕು ತೆಗೆದು, ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗುಳಿ, ಹೇಗಿದೆಯೆಂದು ಸಾಹೇಬರಿಗೆ ಹೇಳುವುದು. ಆ ಕಸುಬಿನಲ್ಲಿ ಎಲ್ಲರೂ ಉಗುಳುವವರೇ. ಆದರೆ ಉಳಿದವರು ಸಂಜೆಯಾದರೆ ನುಂಗುತ್ತಿದ್ದರು. ಮಲಕಪ್ಪನಿಗೆ ಬಳ್ಳಿಯ ಕುಡಿ ಗೊತ್ತಿತ್ತು, ‘ಕುಡಿ’ ಎಂಬ ಕ್ರಿಯಾಪದ ಗೊತ್ತಿರಲಿಲ್ಲ.

ಕಾರಣ, ಹೆಂಡತಿ ಕಾಶವ್ವ. ಅವಳ ಅಪ್ಪ ಕುಡಿದು ಕುಡಿದೇ ಸತ್ತವನು. ಗಂಡ ಈ ಕೆಲಸ ಹಿಡಿಯುವ ಮುನ್ನ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು: ಒಂದು ಹನಿಯೂ ಗಂಟಲಿಗೆ ಇಳಿಯಕೂಡದು.

ಸಾಹೇಬರಿಗೆ ಇದು ತಮಾಷೆ, ಒಳಗೊಳಗೆ ಸಂಕಟವೂ ಹೌದು. ಕಬ್ಬು ಬೆಳೆಯುವವರ ಮನೆಮನೆಗೆ ಹೋಗಿ ಒಲಿಸಿ, ವೈನಿನ ದ್ರಾಕ್ಷಿ ಹಚ್ಚಿಸಿದವರು ಅವರು. ‘ಹೆಂಡದ ಭುಜಂಗ’ ಎಂದು ಆಡಿಕೊಂಡವರೇ ಆಮೇಲೆ ಕೈಮುಗಿದರು. “ಸೀಮೆಯನ್ನೇ ಒಪ್ಪಿಸಿದೆ, ನಿನ್ನ ಗಂಟಲು ಒಪ್ಪಲಿಲ್ಲ. ಗಿಳ ರೇ, ಮಲಕಪ್ಪಾ!” ಎನ್ನುತ್ತಿದ್ದರು. ಗಿಳ ಎಂದರೆ ಮರಾಠಿಯಲ್ಲಿ ನುಂಗು. ಅವರು ಗಿಳ ಎಂದಾಗಲೆಲ್ಲ ಇವನು ಗಿಳಿಯ ಹಾಗೆ, “ಮನೆಯಲ್ಲಿ ಕಾಶವ್ವ ಇದ್ದಾಳೆ, ಸಾಹೇಬ” ಎಂದು ಅದೇ ಪಾಠ ಒಪ್ಪಿಸುತ್ತಿದ್ದ.

ಈ ಸಲದ ಸುಗ್ಗಿ ಮುಗಿಯುವಷ್ಟರಲ್ಲಿ ಸಾಹೇಬರು ತೀರಿಕೊಂಡರು.

ಹತ್ತನೆಯ ದಿನ ಪುಣೆಯ ಹೊಳೆದಂಡೆಯ ಓಂಕಾರೇಶ್ವರ ಗುಡಿಯ ಬಳಿ ಪಿಂಡ ಇಟ್ಟರು. ಕಾಗೆ ಮುಟ್ಟಿದರೆ ಸತ್ತವರ ಆಸೆ ತೀರಿದಂತೆ. ಮುಟ್ಟದಿದ್ದರೆ ಏನೋ ಉಳಿದಿದೆಯೆಂದು ಬಳಗದವರು ಊಹಿಸಿ ಮಾತು ಕೊಡಬೇಕು. ಕಾಗೆಗಳು ಮರದ ಮೇಲೆ ತಮ್ಮದೇ ಶೋಕಸಭೆ ನಡೆಸಿದ್ದವು, ಒಂದೂ ಇಳಿಯಲಿಲ್ಲ. ಮಗಳು ಶರ್ವರಿ ಕಾರ್ಖಾನೆ ಮಾರುವುದಿಲ್ಲ ಎಂದಳು. ಹಳೆಯ ತೋಟ ಕೀಳಿಸುವುದಿಲ್ಲ ಎಂದಳು. ರೈತರೊಬ್ಬರು, ನಾವೂ ಬಳ್ಳಿಯ ಕೈ ಬಿಡುವುದಿಲ್ಲ ಎಂದರು. ಬಿಸಿಲೇರಿತು. “ಬಾಬಾ, ಇನ್ನೇನು ಬೇಕು?” ಎಂದು ಶರ್ವರಿ ಅಳತೊಡಗಿದಳು.

ಲಿಂಗವಂತರು ಸತ್ತವರನ್ನು ಹೂಳುವವರು, ಅವರಿಗೆ ಕಾಗೆಯ ಅಪ್ಪಣೆ ಬೇಕಿಲ್ಲ. ಹಿಂದೆ ನಿಂತಿದ್ದ ಮಲಕಪ್ಪ ಇದು ತನ್ನ ಬಾಬ್ತಲ್ಲ ಎಂದು ಸುಮ್ಮನಿರಲು ನೋಡಿದ. ಆದರೆ ಉಳಿದ ಆಸೆ ಯಾವುದೆಂದು ಅವನ ಗಂಟಲಿಗೆ ಗೊತ್ತಿತ್ತು. ಮುಂದೆ ಬಂದು ಕೈಮುಗಿದು ಮರಾಠಿಯಲ್ಲಿ, “ಸಾಹೇಬ, ನುಂಗುತ್ತೇನೆ. ಬನ್ನಿ” ಎಂದ.

ಕಾಗೆ ಬರಲಿಲ್ಲ. ಕೊನೆಗೆ ಭಟ್ಟರು ದರ್ಭೆಯಲ್ಲೊಂದು ಕಾಗೆ ಮಾಡಿ, ಪಿಂಡಕ್ಕೆ ಮುಟ್ಟಿಸಿ ಶಾಸ್ತ್ರ ಮುಗಿಸಿದರು.

“ಕಾಕಾ, ಕಾಗೆ ಒಪ್ಪಲೇ ಇಲ್ಲ. ನಿಮ್ಮ ಮಾತು ನಿಮಗೇ ವಾಪಸ್” ಎಂದಳು ಶರ್ವರಿ.

“ಒಪ್ಪದಿದ್ದರೇನು ಬಾಯಿಸಾಹೇಬ, ಅವರೆದುರು ಆಡಿಬಿಟ್ಟೆನಲ್ಲ.”

ಪಿಂಡದ ಪಕ್ಕ ಇಡಲೆಂದು ಅವಳು ಒಂದು ಬಾಟಲಿ ತಂದಿದ್ದಳು, ಭಟ್ಟರು ಬೇಡವೆಂದಿದ್ದರು. ಅದನ್ನು ಅವನ ಕೈಗಿತ್ತಳು.

ಪುಣೆಯಂಚಿನ ಹಡಪಸರದ ಮನೆಯಲ್ಲಿ ಕಾಶವ್ವ ಎಲ್ಲ ಕೇಳಿ ಸೊಂಟಕ್ಕೆ ಕೈಯಿಟ್ಟಳು.

“ಕಾಗಿಗೆ ಮಾತು ಕೊಟ್ಟು ಬಂದ್ರಿ? ನನಗ ಕೊಟ್ಟದ್ದು ಗುಬ್ಬಿಗೆ ಕೊಟ್ಟಂಗಾತೇನು?”

“ತಪ್ಪಾತು. ನೀ ಒಲ್ಲೆ ಅಂದ್ರ ಮುಟ್ಟಂಗಿಲ್ಲ. ಆದ್ರ ಅವ್ರು ಹಂಗ ಹೋದ್ರಲ್ಲ ಕಾಶವ್ವಾ, ಆಸೆ ಇಟಗೊಂಡ...”

ಅವಳು ಸೊಂಟದ ಮೇಲಿನ ಕೈ ತೆಗೆದಳು. ಆಮೇಲೆ ಅಡುಗೆಮನೆಯಿಂದ ಚಹಾ ಕುಡಿಯುವ ಸ್ಟೀಲ್ ಲೋಟ ತಂದಿಟ್ಟಳು.

“ನಮ್ಮಪ್ಪ ಕುಡದು ಸತ್ತ. ನೀವು ಸತ್ತವ್ರ ಸಲುವಾಗಿ ಕುಡೀತೀರಿ. ಎರಡೂ ಒಂದ ಅಲ್ಲ. ಒಂದ ಗುಟುಕು, ನನ್ನ ಕಣ್ಣ ಮುಂದ.”

ಮಲಕಪ್ಪ ಬಾಯಲ್ಲಿ ಆಡಿಸಿದ. ರೂಢಿಯಂತೆ ತಲೆ ತಾನಾಗಿಯೇ ಪಕ್ಕಕ್ಕೆ ಬಾಗಿತು, ಬಕೆಟ್ಟಿರಲಿಲ್ಲ. ಕಣ್ಣು ಮುಚ್ಚಿ ನುಂಗಿದ. ಎದೆಯವರೆಗೂ ಬಿಸಿ ಇಳಿಯಿತು.

“ಹ್ಯಾಂಗದ?”

ಜೀವಮಾನವಿಡೀ ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವನು ಈ ಸಲ ಲೋಟ ಕೆಳಗಿಟ್ಟ.

“ಕೇಳಾವ್ರ ಹೋದ್ರಲ್ಲ,” ಎಂದ.

“ನಾ ಕೇಳಾಕತ್ತೀನಲ್ರಿ. ನನಗ ಹೇಳ್ರಿ.”

ಹೇಳಲು ಹೊರಟವನಿಗೆ ಅಳು ಒತ್ತರಿಸಿ ಬಂತು. ಕಾಶವ್ವ ಲೋಟವನ್ನು ಪಕ್ಕಕ್ಕೆ ಸರಿಸಿ, ಅವನೆದುರು ಕೂತು ಕಾದಳು.